ಹದಿಮೂರನೇ ವಿಧಿ

“ಏನ್ರೀ ಮೇಷ್ಟ್ರೇ, ಸಂವಿಧಾನದ ಪಾಠ ಮಾಡೋರು ನೀವು. ನಮ್ದು ಮೆಜಾರಿಟಿ ಬಂದ್ರೆ ಸಂಸತ್ತು ಏನ್ ಕಾನೂನು ಬೇಕಾದ್ರೂ ಮಾಡಬೋದು, ಹೌದೋ ಅಲ್ವೋ? ಈ ಧಿಕ್ಕಾರ ಕೂಗೋರ ಬಾಯಿಗೆ ಬೀಗ ಹಾಕಾಕೆ ಯಾವ ಕೋರ್ಟಿನ ಅಪ್ಪಣೆ ಬೇಕ್ರೀ?” ಲೋಕಸಭೆ ಅಭ್ಯರ್ಥಿ ಚನ್ನವೀರಪ್ಪ ಭಾಷಣದ ನಡುವೆ ಮೈಕನ್ನು ಉಪನ್ಯಾಸಕ ಹಾಲೇಶನ ಕಡೆ ಚಾಚಿದ.

ಸಂತೇಬೆನ್ನೂರಿನ ಆ ವೇದಿಕೆಯ ಮೇಲೆ ಹಾಲೇಶ ಕುರ್ಚಿಯ ಅಂಚಿಗೆ ಸರಿದ. ಉತ್ತರ ಅವನಿಗೆ ಗೊತ್ತಿತ್ತು. ಮೂಲಭೂತ ಹಕ್ಕು ಕಸಿಯುವ ಕಾನೂನನ್ನು ಸಂಸತ್ತು ಮಾಡುವಂತಿಲ್ಲ, ಮಾಡಿದರೂ ಅದು ನಿಲ್ಲುವುದಿಲ್ಲ ಎಂದು ಹದಿಮೂರನೇ ವಿಧಿಯನ್ನು ಮೊನ್ನೆ ತಾನೇ ತರಗತಿಯಲ್ಲಿ ಬಿಡಿಸಿ ಹೇಳಿದ್ದ. ಆದರೆ ಅವನು ಪಾಠ ಮಾಡುವ ಕಾಲೇಜು ಚನ್ನವೀರಪ್ಪನ ಅಣ್ಣನದು. ಮುಂದಿನ ವರ್ಷಕ್ಕೆ ಯಾವ ಉಪನ್ಯಾಸಕನನ್ನು ಉಳಿಸಿಕೊಳ್ಳಬೇಕೆಂದು ತೀರ್ಮಾನಿಸುವವನೂ ಆ ಅಣ್ಣನೇ. ಮೈಕು ತುಟಿಗೆ ತಾಗುವಷ್ಟು ಹತ್ತಿರವಿತ್ತು. “ಹೌದ್ರೀ ಸರ್” ಎಂದ. ಅಷ್ಟು ಸಾಲದೆಂಬಂತೆ ತಲೆಯನ್ನೂ ಆಡಿಸಿದ.

“ಕೇಳಿದ್ರಲ್ಲ, ಓದಿದೋರೇ ಹೇಳ್ತಾರೆ” ಎಂದು ಚನ್ನವೀರಪ್ಪ ಜನರ ಕಡೆ ತಿರುಗಿದ. ಚಪ್ಪಾಳೆ ಬಿತ್ತು.

ಸಭೆ ಮುಗಿದು ಹಾಲೇಶ ಮೆಟ್ಟಿಲಿಳಿಯುವಾಗ ಅವನದೇ ತರಗತಿಯ ವಿದ್ಯಾರ್ಥಿನಿ ಸುಚಿತ್ರಾ ಎದುರಾದಳು. ಹಾಲೇಶ ಅವಳ ಕೊಂಕುಮಾತಿಗೆ ಸಿದ್ಧನಾದ. ಅವಳ ಮುಖದಲ್ಲಿ ಕೊಂಕು ಇರಲಿಲ್ಲ, ಪೆಚ್ಚುತನವಿತ್ತು.

“ಸರ್, ನಾನೇ ನಿಮ್ ಪಾಠ ತಪ್ಪು ತಿಳ್ಕೊಂಡಿದ್ದೆ ಅನ್ಸುತ್ತೆ. ಸಂಸತ್ತಿಗೂ ಹಂಗೆಲ್ಲ ಮಾಡಾಕೆ ಬರಲ್ಲ ಅಂತ ನಿನ್ನೆ ನಮ್ಮಪ್ಪನ ಹತ್ರ ಜಗಳಾನೇ ಆಡ್ಬಿಟ್ಟೆ. ಈಗ ಮನೆಗೆ ಹೋಗಿ ಅಪ್ಪಂಗೆ, ನೀನು ಹೇಳಿದ್ದೇ ಸರಿ ಐತೆ ಅಂತ ಹೇಳ್ತೀನಿ ಸರ್.”

ಹಾಲೇಶ ಪಕ್ಕಕ್ಕೆ ಸರಿದು ಅವಳಿಗೆ ದಾರಿ ಬಿಟ್ಟ.