ದೊಡ್ಡ ಕುಳ

ಕೆಂಡದಲ್ಲಿ ಕಾಯುತ್ತಿದ್ದ ಧನಶ್ರೀಯ ನೇಗಿಲ ಕುಳವನ್ನು ಕಮ್ಮಾರ ಗಂಗುಲಪ್ಪ ಇಕ್ಕಳದಿಂದ ಎತ್ತಿ ಪಕ್ಕಕ್ಕೆ ಹಾಕಿದ. ಆ ಜಾಗಕ್ಕೆ ಚನ್ನರಾಯಪ್ಪನ ಹೊಸ ಗೇಟಿನ ಕಬ್ಬಿಣದ ಹೂವು ಹೋಯಿತು. "ಸ್ವಲ್ಪ ತಡ್ಕೋ ತಾಯಿ, ದೊಡ್ಡ ಕುಳ ಬಂದವ್ರೆ," ಎಂದ, ಅವಳ ಮುಖ ನೋಡದೆ. ಕಾರಿಗೆ ಒರಗಿ ನಿಂತಿದ್ದ ಚನ್ನರಾಯಪ್ಪ ಮೀಸೆಯಡಿ ನಕ್ಕ.

ಧನಶ್ರೀ ನಾಲ್ಕು ಜನರೆದುರು ಬಾಯಿ ಬಿಟ್ಟವಳಲ್ಲ. ಆದರೆ ಬಾಡಿಗೆ ಎತ್ತುಗಳು ಸಿಕ್ಕಿದ್ದು ಇವತ್ತು ಮಾತ್ರ. ಬಿಸಿಲೇರಿದರೆ ಹಿಪ್ಪುನೇರಳೆ ತೋಟದ ಹದ ಆರಿಹೋಗುತ್ತಿತ್ತು. ನೆಲದ ಮೇಲೆ ಕಪ್ಪಾಗುತ್ತಿದ್ದ ತನ್ನ ಕುಳವನ್ನೇ ನೋಡಿದಳು. ಹಿಂದೆ ಊರಲ್ಲಿ ಮನೆತನಗಳನ್ನು ಅಳೆಯುತ್ತಿದ್ದದ್ದೇ ಈ ಕಬ್ಬಿಣದಿಂದ ಎನ್ನುತ್ತಿದ್ದಳು ಅಜ್ಜಿ ಕದಿರಮ್ಮ. ಎಷ್ಟು ಕುಳ ಮಣ್ಣಿಗಿಳಿಯುತ್ತದೋ ಅಷ್ಟು ಕಂದಾಯ. ಹೆಚ್ಚು ಕಂದಾಯ ಕಟ್ಟಿದವನು ದೊಡ್ಡ ಕುಳ. ಚನ್ನರಾಯಪ್ಪನ ಹೊಲಗಳೆಲ್ಲ ಸೈಟುಗಳಾಗಿದ್ದವು. ಅವನ ಮನೆಯ ನೇಗಿಲು ಬಚ್ಚಲ ಒಲೆಗೆ ಸೌದೆಯಾದದ್ದನ್ನು ಊರೇ ಕಂಡಿತ್ತು.

ಅವಳು ಕುಲುಮೆಯ ಹತ್ತಿರಕ್ಕೆ ಹೋದಳು. ಗಂಗುಲಪ್ಪನ ಇಕ್ಕಳ ಕಿತ್ತುಕೊಂಡು, ಕೆಂಪಗೆ ಕಾದ ಆ ಹೂವನ್ನೆತ್ತಿ ಕುಲುಮೆಯಾಚೆ ಎಸೆದಳು. ಚನ್ನರಾಯಪ್ಪ ಪಂಚೆ ಎತ್ತಿಕೊಂಡು ಹಿಂದಕ್ಕೆ ಹಾರಿದ.

"ಏಯ್! ನಾನ್ಯಾರು ಅಂತ ಗೊತ್ತೇನೇ?"

ಧನಶ್ರೀ ತನ್ನ ಕುಳವನ್ನು ಮತ್ತೆ ಕೆಂಡಕ್ಕೆ ತುರುಕಿದಳು. "ಗೊತ್ತು ಸ್ವಾಮಿ. ನೇಗಿಲಿಲ್ಲದ ಕುಳ."

ಗಂಗುಲಪ್ಪ ಒಮ್ಮೆ ಕಾರಿನ ಕಡೆ ನೋಡಿದ. ಆಮೇಲೆ ತಿದಿ ಒತ್ತಿದ.