ಹೊಸ ಹಾರ್ಡ್ ಡಿಸ್ಕ್

ನೃತ್ಯದ ಹಾಡುಗಳಿದ್ದ ಪ್ಲೇಯರಿನಲ್ಲಿ ತಾಳದ ಕಿಣಿಕಿಣಿಯೇ ಬರುತ್ತಿಲ್ಲವೆಂದು ಮಗಳು ಗೊಣಗುತ್ತಲೇ ಇದ್ದಳು. ಹೆಜ್ಜೆ ತಪ್ಪುತ್ತದೆಂದು ಟೀಚರು ಅವಳನ್ನು ಹಿಂದಿನ ಸಾಲಿಗೆ ತಳ್ಳಿದ್ದರು. ಒಳಗಿನ ಹಾರ್ಡ್ ಡಿಸ್ಕ್ ಹಾಳಾಗಿರಬೇಕೆಂದು ವಾರಿಜಾ ಅದನ್ನು ಅಂಗಡಿಗೆ ಒಯ್ದು, ಹೊಸದು ಹಾಕಿಸಿ, ಟೀಚರ ಬಳಿಯಿಂದ ಹಾಡುಗಳನ್ನೆಲ್ಲ ಮತ್ತೆ ತುಂಬಿಸಿಕೊಂಡು ಬಂದಳು.

ಒಲೆ ಸಣ್ಣ ಮಾಡಿ, ಸೆರಗಿಗೆ ಕೈಯೊರೆಸಿ, ಇಯರ್‌ಫೋನನ್ನು ಮೊದಲು ತಾನೇ ಕಿವಿಗಿಟ್ಟುಕೊಂಡಳು. ತಾಳ ಕಿಣಿಕಿಣಿಯೆಂದು ಸ್ಪಷ್ಟವಾಗಿ ಕೇಳಿಸಿತು.

“ಬಾರೇ ಪುಟ್ಟಿ, ಸರಿಹೋಯ್ತು! ಇನ್ನು ಹಿಂದೆ ನಿಲ್ಲಿಸ್ಲಿ, ನೋಡೋಣ!”

“ನಿಜ್ವಾಗ್ಲೂನಾ ಅಮ್ಮಾ?”

ಅದೇ ಹಾಡನ್ನು ಮೊದಲಿನಿಂದ ಹಾಕಿ ಮಗಳ ಕಿವಿಗಿಟ್ಟಳು. ಪುಟ್ಟಿ ಕಣ್ಣು ಮುಚ್ಚಿ ಕೊನೆಯವರೆಗೂ ಕೇಳಿದಳು. ಆಮೇಲೆ ಅಮ್ಮನ ಕೈಹಿಡಿದು ಮೆಲ್ಲಗೆ ಹೇಳಿದಳು:

“ಅಂಗಡಿಯವನು ನಿಂಗೆ ಮೋಸ ಮಾಡಿದಾನಮ್ಮಾ.”