ನೆಲಕ್ಕೆ ಹಾಸಿದ ಊರು

ಶಾಲೆಯ ಹಜಾರದ ತುಂಬ ಹಾಸಿದ್ದ ಊರಿನ ನಕ್ಷೆಯ ಮೇಲೆ ಮೊದಲು ಕಾಲಿಟ್ಟವಳು ಟೈಲರಕ್ಕನ ಅತ್ತೆ. ಚಪ್ಪಲಿ ಹೊರಗೆ ಬಿಟ್ಟು, ಸೆರಗು ಸರಿಮಾಡಿಕೊಂಡು, ನಿಜವಾದ ಬೀದಿಗೆ ಇಳಿದವಳ ಹಾಗೆ ನಡೆದೇಬಿಟ್ಟಳು.

ಪಟ್ಟಣ ಊರಿನ ಕಡೆ ಬೆಳೆಯುತ್ತಿತ್ತು. ಹೊಸ ರಸ್ತೆ ಎಲ್ಲಿ ಹೋಗಬೇಕೆಂದು ಊರವರನ್ನೇ ಕೇಳಲು ಯೋಜನಾ ಕಚೇರಿಯ ಅಧಿಕಾರಿ ಬಂದಿದ್ದ. ಕೇಳುವ ಮೊದಲೇ ಕೆಂಪು ಗೆರೆ ಎಳೆದುಕೊಂಡು ಬಂದಿದ್ದ ಅನ್ನಿ, ಆ ಮಾತು ಬೇರೆ. ಗೆರೆ ಟೈಲರಕ್ಕನ ಮನೆಯನ್ನೇ ಸೀಳಿಕೊಂಡು, ಹೊಲಿಗೆ ಮೆಷಿನ್ನಿಟ್ಟ ಕಿಟಕಿಯ ಮೇಲೇ ಹಾಯ್ದಿತ್ತು. ಬಟ್ಟೆಗೆ ಗುರುತು ಬಿದ್ದ ಮೇಲೆ ಕತ್ತರಿ ಬರುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ನಿಮ್ದೇನಾದ್ರೂ ಆಕ್ಷೇಪಣೆ ಇದ್ಯಾ ಅಮ್ಮಾ?" ಅಧಿಕಾರಿ ಅವಳನ್ನು ಕೇಳಿದ.

"ಏನಿಲ್ಲ ಸಾರ್," ಅಂದುಬಿಟ್ಟಳು. ನಾಲ್ಕು ಜನರ ಮುಂದೆ ಅವಳ ಬಾಯಿ ಕಟ್ಟಿಹೋಗುತ್ತಿತ್ತು.

"ಮನೇಲಿ ನನ್ ಮುಂದೆ ಮಾತ್ರ ಹುಲಿ," ಎಂದು ಅತ್ತೆ ನಕ್ಷೆಯ ಓಣಿಯೊಂದರಿಂದಲೇ ಗೊಣಗಿದಳು.

"ನೇರ ಬನ್ನಿ ಅಜ್ಜಿ, ಬರೀ ಕಾಗದ ಅದು," ಅಧಿಕಾರಿ ನಕ್ಕ.

"ನೇರ ಹೇಗಪ್ಪಾ ಬರ್ಲಿ? ಇಲ್ಲಿ ಗೋಡೆ ಇಲ್ವಾ?"

ಎಲ್ಲರೂ ನಕ್ಕರು. ನಗುತ್ತಲೇ ಒಬ್ಬೊಬ್ಬರಾಗಿ ನಕ್ಷೆಗೆ ಇಳಿದರು. ಆಮೇಲೆ ಏನಾಯಿತೋ ಏನೋ, ಯಾರೂ ಗೋಡೆ ದಾಟಲಿಲ್ಲ. ಓಣಿ ಇಕ್ಕಟ್ಟಾದಲ್ಲಿ ಪಕ್ಕಕ್ಕೆ ಸರಿದು ಎದುರಿನವರಿಗೆ ದಾರಿ ಬಿಟ್ಟರು. ಬಾವಿ ಬಂದಾಗ ಬಗ್ಗಿ ನೋಡಿದರು. ಫ್ಯಾನಿನ ಗಾಳಿಗೆ ಕಾಗದ ಮೆಲ್ಲಗೆ ಏಳುತ್ತ ಇಳಿಯುತ್ತ, ಸಂಜೆಬಿಸಿಲಲ್ಲಿ ಊರೇ ಉಸಿರಾಡುತ್ತಿದೆ ಅನ್ನಿಸಿತು. ಟೈಲರಕ್ಕ ಬಾಗಿಲಿರುವ ಕಡೆಯಿಂದಲೇ ತನ್ನ ಮನೆ ಹೊಕ್ಕು, ಕಿಟಕಿಯ ಬಳಿ ಕೂತಳು. ಪೆಡಲ್ ಸಿಕ್ಕಂತೆ ಪಾದ ತನ್ನಷ್ಟಕ್ಕೆ ಆಡತೊಡಗಿತು. ಎಷ್ಟು ಹಾಯೆನಿಸಿತೆಂದರೆ ಅವಳಿಗೆ ಅಳು ಬಂತು.

ಅಷ್ಟರಲ್ಲಿ ಆಚೆ ಮೂಲೆಯ ಮೇಜಿನ ಮೇಲೆ ಅಧಿಕಾರಿಯ ಫೋನು ಬಡಿದುಕೊಂಡಿತು. ಆತ ಕೆಂಪು ಗೆರೆ ಹಿಡಿದೇ ದಡದಡ ಓಡಿಬಂದ. ಅವಳ ಗೋಡೆಯ ಮುಂದೆ ಗಕ್ಕನೆ ನಿಂತ. ಒಳಗೆ ಕೂತವಳನ್ನು ನೋಡಿ ಪೆಚ್ಚಾದ. ಓಣಿ ಹಿಡಿದು, ಬಾವಿ ಸುತ್ತಿ, ಮೇಜು ಮುಟ್ಟುವ ಹೊತ್ತಿಗೆ ಫೋನು ಸುಮ್ಮನಾಗಿತ್ತು.

ಟೈಲರಕ್ಕನ ಬಾಯಿ ಬಿಚ್ಚಿದ್ದು ಆಗಲೇ.

"ನೀವು ಬಳಸ್ಕೊಂಡು ಹೋದ್ರಲ್ಲ ಸಾರ್, ನಿಮ್ ರಸ್ತೆಗೂ ಸ್ವಲ್ಪ ಹಾಗೇ ಹೇಳಿ."